ಕಂದಿಯ ಬೆನ್ನಿಗೆ ಮೂರು ಜೀನು

ಓಡುವ ಬಸ್ಸಿನ ಕಿಟಕಿಯೊಳಗೆ ಟವೆಲು ಎಸೆದು ಸೀಟು ಹಿಡಿಯುವ ವಿದ್ಯೆಯಲ್ಲಿ ಯರ್ರೆಪ್ಪನನ್ನು ಮೀರಿಸುವವರು ಪೆದ್ದಕಡುಬೂರಿನ ಸುತ್ತಮುತ್ತ ಇರಲಿಲ್ಲ. ಮೂವತ್ತು ವರ್ಷ ಕುರಿಮಂದೆಯ ಹಿಂದೆ ಅಲೆದ ಮನುಷ್ಯ; ತಪ್ಪಿಸಿಕೊಂಡು ಓಡುವ ಟಗರಿನ ಕೊರಳಿಗೆ ಹಗ್ಗ ಎಸೆದು ಪಳಗಿದ ಕೈ. ಆ ದಿನ ಆದೋನಿ ಬಸ್‌ಸ್ಟ್ಯಾಂಡಿನಲ್ಲಿ ಎಮ್ಮಿಗನೂರಿನ ಬಸ್ಸು ಇನ್ನೂ ತಿರುಗುತ್ತಿದ್ದಾಗಲೇ ಅವನ ಟವೆಲು ಒಳಗೆ ಹೋಗಿ ಸರಿಯಾದ ಸೀಟಿನ ಮೇಲೆ ಬಿತ್ತು. ಜನರ ನಡುವೆ ನುಗ್ಗಿ ಹತ್ತಿದ ಯರ್ರೆಪ್ಪ ತನ್ನ ಟವೆಲಿನ ಮೇಲೆ ತಾನು ಕುಳಿತು, ಮೀಸೆ ಸವರಿಕೊಂಡು, ನಿಂತವರನ್ನೆಲ್ಲ ಒಂದು ಸುತ್ತು ನೋಡಿದ. ಆ ಸುಖ ಊರ ಹೊರಗಿನ ಹತ್ತಿ ಮಿಲ್ಲು ದಾಟುವವರೆಗೂ ಉಳಿಯಲಿಲ್ಲ.

ಹೆಂಗಸರಿಗೆ ಬಸ್ಸು ಬಿಟ್ಟಿಯಾದಂದಿನಿಂದ ಗಂಡಸರ ಪಾಲಿಗೆ ಉಳಿದಿರುವುದು ಮೇಲಿನ ಕಂಬಿ ಒಂದೇ ಎಂಬುದು ಆ ಸೀಮೆಯ ಗಂಡಸರ ತಕರಾರು. ಕಂಡಕ್ಟರ್ ಬಂದು ಕಿಟಕಿಯ ಮೇಲಿನ ಅಕ್ಷರ ತೋರಿಸಿ, ಇದು ಹೆಂಗಸರ ಸೀಟು, ಏಳಿ ಎಂದ. ಎಸೆದ ಟವೆಲಿಗೆ ಓದಲು ಬರುವುದಿಲ್ಲ ಎಂದು ಯರ್ರೆಪ್ಪ ವಾದಿಸಿದ. ಟವೆಲಿನ ಮೇಲೆ ಕುಳಿತವರಿಗೆ ಬರಬೇಕಲ್ಲ ಎಂದು ಕಂಡಕ್ಟರ್ ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ಎದ್ದು ಜಾಗ ಬಿಟ್ಟ ಮೇಲೆ ನೋಡಿದರೆ, ಅಲ್ಲಿ ಬಂದು ಕುಳಿತವರು ಬೇರೆ ಯಾರೂ ಅಲ್ಲ, ಮಗಳು ನಾಗಜ್ಯೋತಿಯ ಅತ್ತೆ, ಎಮ್ಮಿಗನೂರಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಬೀಗಿತ್ತಿ ರಾಮಲಕ್ಷ್ಮಮ್ಮ. ಟವೆಲನ್ನು ಎತ್ತಿ ಕೊಡುವ ಗೋಜಿಗೂ ಹೋಗದೆ ಆಕೆ ಅದರ ಮೇಲೆಯೇ ವಿರಾಜಮಾನರಾದರು.

ಯರ್ರೆಪ್ಪನ ಹೆಂಡತಿ ಲಿಂಗಕ್ಕ ಮೂರು ಸೀಟು ಮುಂದೆ, ಟಿಕೀಟಿನ ಚಿಂತೆಯಿಲ್ಲದವಳ ನಿದ್ದೆಯಲ್ಲಿದ್ದಳು. ಮೂವರೂ ಹೊರಟಿದ್ದು ಒಂದೇ ಮನೆಗೆ. ನಾಗಜ್ಯೋತಿಗೆ ಎರಡನೆಯ ಹೆರಿಗೆಯಾಗಿ ಹೆಣ್ಣು ಕೂಸು ಹುಟ್ಟಿ ನಾಲ್ಕು ದಿನವಾಗಿತ್ತು. ರಾಮಲಕ್ಷ್ಮಮ್ಮ ಪಕ್ಕದಾಕೆಗೆ ಸಂಬಂಧ ವಿವರಿಸಿ ಹೇಳಿದರು.

"ಇವ್ರು ನಮ್ಮ ಬೀಗ್ರು. ನಿಂತು ಬರ್ಲಿ ಬಿಡ್ರಿ. ಕುರಿ ಕಾದೋರು, ನಿಲ್ಲಾದು ಮೊದಲಿನಿಂದ ರೂಢಿ ಐತಿ."

ಆಕೆ ಹೇಳಿದ್ದು ಕನಿಕರದಿಂದ. ಬೈದಿದ್ದರೆ ಯರ್ರೆಪ್ಪ ತಿರುಗಿ ಬೈದು ಸುಮ್ಮನಾಗುತ್ತಿದ್ದ. ಕನಿಕರಕ್ಕೆ ಏನು ಉತ್ತರ ಕೊಡುವುದು? ರಾಮಲಕ್ಷ್ಮಮ್ಮನ ಮಾವನೂ ಕುರಿ ಕಾಯ್ದವನೇ, ಅದನ್ನು ಅವರ ಮನೆಯವರು ಸೀರೆಯ ಮಡಿಕೆಗಳ ನಡುವೆ ಎಲ್ಲೋ ಇಟ್ಟು ಮರೆತಿದ್ದರು. ಯರ್ರೆಪ್ಪನ ಕಿವಿ ಕೆಂಪಾಯಿತು. ಬಾಯಿಯಿಂದ ಹೊರಬಿದ್ದ ಮಾತು ಅವನಿಗೇ ಹೊಸದಾಗಿ ಕೇಳಿಸಿತು.

"ತೊಟ್ಲ ಕಾರ್ಯಕ್ಕ ನಾ ಕುಂತ್ಕೊಂಡು ಬರ್ತೀನಿ ಬೀಗ್ತಿ. ನನ್ನ ಸ್ವಂತ ಕುದ್ರಿ ಮ್ಯಾಲ. ಅವತ್ತು ನನ್ನ ಏಳು ಅನ್ನೋರು ಇನ್ನೂ ಹುಟ್ಟಿ ಬರ್ಬೇಕು."

ನಿಂತವರೆಲ್ಲ ತಿರುಗಿ ನೋಡಿದರು. ಲಿಂಗಕ್ಕನಿಗೆ ಎಚ್ಚರವಾಯಿತು. ತೊಟ್ಟಿಲ ಕಾರ್ಯಕ್ಕೆ ಇನ್ನು ಒಂದೂವರೆ ತಿಂಗಳಿತ್ತು.

ಕುದುರೆ ಇದ್ದದ್ದು ಸುಳ್ಳಲ್ಲ. ಕಂದಿ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ಮಂದೆ ಊರೂರು ಅಲೆಯುವಾಗ ಹಾಸಿಗೆ, ಪಾತ್ರೆ, ಬಲೆ ಹೊತ್ತು, ಎರಡೂ ಮಗ್ಗುಲಿನ ಚೀಲಗಳಲ್ಲಿ ಆಗತಾನೇ ಹುಟ್ಟಿದ ಮರಿಗಳನ್ನು ತೂಗುಹಾಕಿಕೊಂಡು ನಡೆದ ಪ್ರಾಣಿ. ಈಗ ಮಂದೆ ಲಾರಿಯಲ್ಲಿ ಹೋಗುತ್ತಿದ್ದುದರಿಂದ ಅದಕ್ಕೆ ಕೆಲಸವಿರಲಿಲ್ಲ. ಒಂದೇ ತೊಡಕೆಂದರೆ, ಅದರ ಮೇಲೆ ಯರ್ರೆಪ್ಪ ಒಂದು ದಿನವೂ ಹತ್ತಿರಲಿಲ್ಲ. ಕುರಿಯವರ ಕುದುರೆ ಇರುವುದು ಹೊರಲಿಕ್ಕೆ. ಕುರಿಯವರು ಇರುವುದು ಅದರ ಪಕ್ಕದಲ್ಲಿ ನಡೆಯಲಿಕ್ಕೆ. ಮರುದಿನ ಬೆಳಿಗ್ಗೆ ಕಂಬಳಿ ಮಡಿಸಿ ಹಾಕಿ ಕಟ್ಟೆಯ ಮೇಲಿಂದ ಹತ್ತಿದ. ಕಂದಿ ಎರಡು ಹೆಜ್ಜೆ ಇಟ್ಟಿತು. ಕಂಬಳಿ ಒಂದು ಕಡೆ ಜಾರಿತು, ಯರ್ರೆಪ್ಪ ಇನ್ನೊಂದು ಕಡೆ ಜಾರಿದ. ಕೂರಲು ಬೆನ್ನಿಗೆ ಬಿಗಿಯುವ ಜೀನು ಬೇಕೆಂಬ ವಿಷಯದಲ್ಲಿ ಊರು ಒಮ್ಮತಕ್ಕೆ ಬಂತು. ಎಂಥ ಜೀನು ಎಂಬ ವಿಷಯದಲ್ಲಿ ಆ ಊರು ಮತ್ತೆಂದೂ ಒಮ್ಮತಕ್ಕೆ ಬರಲಿಲ್ಲ.

ಮೊದಲು ಮುಂದೆ ಬಂದವನು ಮೌಲಾಲಿ. ಆದೋನಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಜಗತ್ತಿನ ದುಃಖವೆಲ್ಲ ಹತ್ತಿ ಸಾಲದೆ ಬಂದದ್ದು ಎಂದು ನಂಬಿದವನು. ಜೀನಿನೊಳಗೆ ಮರವೇ ಇರಬಾರದು ಎಂಬುದು ಅವನ ಸಿದ್ಧಾಂತ. "ಹಡ್ಡಿಗೆ ಹಡ್ಡಿ ತಾಕಬಾರ್ದು ಮಾವ. ನಿನ್ನ ಎಲುಬು ಮ್ಯಾಲೈತಿ, ಅದರ ಎಲುಬು ಕೆಳಗೈತಿ. ನಡುವೆ ಹತ್ತಿ ಬಿಟ್ರ ಮತ್ತೇನಿರ್ಬೇಕು?" ಎಂದು ಕೇಳಿದ. ಯರ್ರೆಪ್ಪ ಒಪ್ಪಿದ. ನಾಲ್ಕು ದಿನಕ್ಕೆ ಜೀನು ಬಂತು: ಹೂವಿನ ಬಟ್ಟೆಯ, ದಪ್ಪನೆಯ, ಮೂಲೆ ಮೂಲೆಗೆ ದಾರ ಹಾಕಿದ ಗಾದಿ, ಎರಡೂ ಕಡೆ ಕಾಲಿಡಲು ರಿಕಾಪು. ಯರ್ರೆಪ್ಪ ಎಡಗಾಲು ರಿಕಾಪಿನಲ್ಲಿಟ್ಟು ಮೈಭಾರ ಹಾಕಿದ ಕೂಡಲೇ ಗಾದಿ ಕಂದಿಯ ಮೈ ಸುತ್ತಿಕೊಂಡು ಹೊಟ್ಟೆಯ ಕೆಳಗೆ ಹೋಯಿತು. ಯರ್ರೆಪ್ಪ ಗಾದಿಯ ಕೆಳಗೆ ಹೋದ. ಬಿದ್ದರೂ ನೋವಾಗಲಿಲ್ಲವಲ್ಲ, ಅದೇ ಹತ್ತಿಯ ಗುಣ ಎಂದು ಮೌಲಾಲಿ ಎಲ್ಲರಿಗೂ ತೋರಿಸಿದ.

ಎರಡನೆಯವನು ಬಡಿಗೇರ ಓಬಳೇಶ. ಕುಳಿತುಕೊಳ್ಳುವ ವಸ್ತುವಿಗೆ ಗಟ್ಟಿ ಚೌಕಟ್ಟಿರಬೇಕು, ಇಲ್ಲದಿದ್ದರೆ ಅದು ಹಾಸಿಗೆ ಎಂಬುದು ಅವನ ಸಿದ್ಧಾಂತ. ಅವನು ಯರ್ರೆಪ್ಪನನ್ನು ಹಸಿಮಣ್ಣಿನ ಮೇಲೆ ಕೂರಿಸಿ ಎಬ್ಬಿಸಿ, ಮೂಡಿದ ಅಚ್ಚನ್ನು ನೂಲಿನಿಂದ ಅಳೆದುಕೊಂಡು ಹೋದ. ಆ ಅಚ್ಚು ಎರಡು ದಿನ ಅಂಗಳದಲ್ಲಿ ಒಣಗುತ್ತ ಬಿದ್ದಿದ್ದು, ನೀರಿಗೆ ಬಂದ ಹೆಂಗಸರೆಲ್ಲ ಅದನ್ನು ನೋಡಿಕೊಂಡು ಹೋದರು. ಜಾಲಿಮರದ ಜೀನು ಸಿದ್ಧವಾಯಿತು. ಮೇಲ್ಭಾಗ ಯರ್ರೆಪ್ಪನಿಗೆ ಹೇಳಿ ಮಾಡಿಸಿದಂತಿತ್ತು, ಹೇಳಿ ಮಾಡಿಸಿದ್ದೇ ಆಗಿತ್ತು. ಕೆಳಭಾಗ ಮಾತ್ರ ಓಬಳೇಶ ಹುಟ್ಟಿನಿಂದ ಮಾಡುತ್ತ ಬಂದ ಹೊಸ್ತಿಲಿನ ಹಾಗೆ ನೆಟ್ಟಗೆ. ಕಂದಿಯನ್ನು ಅವನು ಅಳೆದಿರಲಿಲ್ಲ. ಕೂರುವವರು ಯಾರು, ಅದೋ ನೀನೋ ಎಂದು ಕೇಳಿದ್ದ. ಜೀನು ಬೆನ್ನ ಮೇಲೆ ಬಿದ್ದದ್ದೇ ಕಂದಿ ಕಿವಿ ಹಿಂದಕ್ಕೆ ಒತ್ತಿಕೊಂಡು ನಿಂತಿತು. ಎಳೆದರೂ ಬರಲಿಲ್ಲ, ತಳ್ಳಿದರೂ ಹೋಗಲಿಲ್ಲ.

ಮೂರನೆಯದು ಆದೋನಿಯ ಮೊಬೈಲ್ ಅಂಗಡಿಯವನ ಸಲಹೆ. ಅವನು ಫೋನಿನಲ್ಲಿ ಹುಡುಕಿ, ಮೆತ್ತಗಿನದೂ ಅಲ್ಲ, ಗಟ್ಟಿಯದೂ ಅಲ್ಲ, ಒಳಗಿನ ಚೌಕಟ್ಟೇ ಕುದುರೆಯ ಬೆನ್ನಿನ ಜೊತೆ ಬಾಗುವಂಥ ಜೀನು ಲೋಕದಲ್ಲಿ ಬಂದಿದೆ ಎಂದು ತೋರಿಸಿದ. ಚಿತ್ರದಲ್ಲಿ ಅದರ ಮೇಲೆ ಕಡ್ಡಿಯಂಥ ಬಿಳಿ ಹೆಂಗಸೊಬ್ಬಳು ನಗುತ್ತ ಕುಳಿತಿದ್ದಳು. ಯರ್ರೆಪ್ಪ ಆಕೆಯ ನಗು ನೋಡಿ ತರಿಸಿದ. ಹತ್ತು ದಿನಕ್ಕೆ ಪೆಟ್ಟಿಗೆ ಬಂತು. ಜೀನೇನೋ ಮಾತಿನಂತೆ ಬಾಗುತ್ತಿತ್ತು. ಆದರೆ ಎಂಬತ್ತು ಕೆಜಿಯ ಯರ್ರೆಪ್ಪ ಮೇಲೆ ಕುಳಿತಾಗ ಅದು ಕುದುರೆಯ ಮಾತು ಕೇಳುವುದು ಬಿಟ್ಟು ಅವನ ಮಾತನ್ನೇ ಕೇಳಿತು. ನಡು ಕುಸಿದು, ಎರಡೂ ತುದಿ ಮೇಲೆದ್ದವು. ಕಂದಿ ಬೆನ್ನು ತಗ್ಗಿಸಿ ನರಳಿತು. ಆ ಸದ್ದು ಕೇಳಿ ಯರ್ರೆಪ್ಪ ತಾನಾಗಿಯೇ ಇಳಿದ.

ಅಷ್ಟರಲ್ಲಿ ಊರು ಮೂರು ಪಕ್ಷವಾಗಿತ್ತು. ಹತ್ತಿಯವರು, ಕಟ್ಟಿಗೆಯವರು, ಫೋನಿನವರು. ಚಹಾದಂಗಡಿಯಲ್ಲಿ ಕುದುರೆಯನ್ನೇ ಮುಟ್ಟದ ಜನ ಜೀನಿನ ಮೇಲೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಬೀಗಿತ್ತಿ ಎಮ್ಮಿಗನೂರಿನಿಂದ ಫೋನು ಮಾಡಿ, ಬೀಗರು ಸುಮ್ಮನೆ ಬಸ್ಸಿಗೇ ಬರಲಿ, ಬೇಕಾದರೆ ಕಂಡಕ್ಟರಿಗೆ ನಾನೇ ಒಂದು ಮಾತು ಹೇಳುತ್ತೇನೆ ಎಂದರಂತೆ. ಲಿಂಗಕ್ಕ ಆ ಮಾತನ್ನು ಗಂಡನಿಗೆ ಇದ್ದಂತೆಯೇ ಒಪ್ಪಿಸಿದಳು. ಯರ್ರೆಪ್ಪ ಮೂರು ಜೀನನ್ನೂ ಎತ್ತಿಕೊಂಡು, ಕಂದಿಯನ್ನು ಹೊರಡಿಸಿಕೊಂಡು, ಊರಿನಿಂದ ಐದು ಕಿಲೋಮೀಟರು ದೂರದ ಪೆದ್ದಕಡುಬೂರಿನ ಪಶು ಆಸ್ಪತ್ರೆಗೆ ನಡೆದ.

ಡಾಕ್ಟರಮ್ಮ ಶಿರೀಷಾ ಕಡಪ ಕಡೆಯವರು. ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವುದು ಅವರ ಪದ್ಧತಿ. ಅವರು ಯರ್ರೆಪ್ಪನ ಅಹವಾಲು ಕೇಳದೆ ನೇರವಾಗಿ ಕಂದಿಯ ಬೆನ್ನ ಮೇಲೆ ಅಂಗೈ ಇಟ್ಟು ಉದ್ದಕ್ಕೂ ಸವರಿದರು. ಹೆಗಲಿನ ಹಿಂದೆ ಎರಡು ಕಡೆ ಬೆಳ್ಳಗಿನ ಕೂದಲಿದ್ದವು. ಅವು ಸುಳಿ ಗುರುತು, ಮನೆಗೆ ಒಳ್ಳೆಯದಂತೆ ಎಂದು ಯರ್ರೆಪ್ಪ ಹೆಮ್ಮೆಯಿಂದ ಹೇಳಿದ. ಡಾಕ್ಟರಮ್ಮ ಅವನ ಮುಖ ನೋಡಿದರು.

"ಗುರ್ರಾನಿಕಿ ಮಾಟಲು ರಾವು ಕದಾ. ಕುದುರೆ ಬಾಯಿಂದ ಹೇಳಲ್ಲ ಯರ್ರೆಪ್ಪಗಾರು, ಬೆನ್ನಿಂದ ಹೇಳ್ತದೆ. ಇದು ಸುಳಿ ಅಲ್ಲ. ಇಷ್ಟು ವರ್ಷ ನಿಮ್ಮ ಗಂಟು ಒತ್ತಿದ ಗಾಯ. ಗಾಯ ಆದಲ್ಲಿ ಕೂದಲು ಬೆಳ್ಳಗೆ ಬರ್ತದೆ."

ಆ ಬಿಳಿ ಕೂದಲನ್ನು ಯರ್ರೆಪ್ಪ ಎಷ್ಟೋ ಜನರಿಗೆ ತೋರಿಸಿ ಹೊಗಳಿಸಿಕೊಂಡಿದ್ದ. ನಾಚಿಕೆಯಾಗಿ ಕಂದಿಯ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತ. ಡಾಕ್ಟರಮ್ಮ ಮೂರು ಜೀನನ್ನೂ ಒಂದೊಂದಾಗಿ ಹಾಕಿ ನೋಡಿದರು. ಮೆತ್ತಗಿನದರಲ್ಲಿ ಭಾರವೆಲ್ಲ ರಿಕಾಪಿನ ಪಟ್ಟಿ ಇರುವ ಜಾಗಕ್ಕೇ ಬೀಳುತ್ತದೆ, ಹಗುರ ಆಸಾಮಿಗೆ ನಡೆದೀತು. ಬಾಗುವುದು ನಿಮ್ಮ ತೂಕಕ್ಕೆ ಬೆನ್ನುಮೂಳೆಯ ಮೇಲೇ ಕುಸಿಯುತ್ತದೆ. ಗಟ್ಟಿಯದು ಭಾರವನ್ನು ಎರಡೂ ಮಗ್ಗುಲಿಗೆ ಹಂಚುತ್ತದೆ, ನಿಮಗೆ ಅದೇ ಸರಿ, ಆದರೆ ಕುದುರೆಯ ಅಳತೆಗೆ ಮಾಡಿದ್ದರೆ ಮಾತ್ರ. ಇಲ್ಲದಿದ್ದರೆ ಮೂರರಲ್ಲಿ ಅದೇ ಕೆಟ್ಟದ್ದು ಎಂದರು. ಪರೀಕ್ಷೆ ಸುಲಭ: ಹತ್ತು ಕಿಲೋಮೀಟರು ನಡೆಸಿ ಜೀನು ತೆಗೆದರೆ ಕೆಳಗೆಲ್ಲ ಬೆವರಿನಿಂದ ಒಂದೇ ಸಮ ಒದ್ದೆಯಾಗಿರಬೇಕು, ಎಲ್ಲಾದರೂ ಒಣ ಮಚ್ಚೆ ಕಂಡರೆ ಅಲ್ಲಿ ಒತ್ತುತ್ತಿದೆ ಎಂದು ತಿಳಿಯಬೇಕು. ಅದಕ್ಕೂ ಮೊದಲು, ಬೆದರಿದ ಪ್ರಾಣಿಗೆ ಜೀನು ರೂಢಿಯಾಗಲಿ. ಎಂಟು ದಿನ ಯಾರೂ ಹತ್ತದೆ, ಹತ್ತಿಯ ಜೀನು ಖಾಲಿ ಕಟ್ಟಿ, ಬೆಳಿಗ್ಗೆ ಸಂಜೆ ಊರೊಳಗೆ ಹಗ್ಗ ಹಿಡಿದು ಅಡ್ಡಾಡಿಸಿ ಎಂದು ಅಪ್ಪಣೆ ಮಾಡಿದರು. ಡಾಕ್ಟರಮ್ಮ ಕಡಪ ಕಡೆಯವರಾದ್ದರಿಂದ ಈ ಅಪ್ಪಣೆಯಿಂದ ಏನಾದೀತೆಂದು ಅವರಿಗೆ ಗೊತ್ತಿರಲಿಲ್ಲ.

ಯರ್ರೆಪ್ಪನ ಊರಿನಲ್ಲಿ ಜೀನು ಕಟ್ಟಿದ ಕುದುರೆ ಸವಾರನಿಲ್ಲದೆ ಬೀದಿಯಲ್ಲಿ ಬಂತೆಂದರೆ ಅದಕ್ಕೆ ಒಂದೇ ಅರ್ಥ. ಅದು ಖಾಲಿಯಲ್ಲ, ಮೇಲೆ ಮೈಲಾರಲಿಂಗ ಕುಳಿತಿದ್ದಾನೆ. ಹರಕೆಯವರು ವರ್ಷಕ್ಕೊಮ್ಮೆ ಹಾಗೆ ಕುದುರೆ ತರುವುದುಂಟು. ಆಗ ಯಾರೂ ಯಾರನ್ನೂ ಕೇಳುವುದಿಲ್ಲ. ಕೊಡ ಹಿಡಿದವಳು ಕಾಲಿಗೆ ನೀರು ಹಾಕುತ್ತಾಳೆ, ಭಂಡಾರ ಇದ್ದವಳು ಅರಿಸಿನ ಪುಡಿ ಎರಚುತ್ತಾಳೆ. ಮರುದಿನ ಬೆಳಿಗ್ಗೆ ಕಂದಿ ಹೂವಿನ ಗಾದಿ ಹೊತ್ತು ಓಣಿಗೆ ತಿರುಗಿದಾಗ ಹೆಂಗಸರು ಹಾಗೆಯೇ ಮಾಡಿದರು. ಯರ್ರೆಪ್ಪ ಏನೆಂದುಕೊಂಡನೆಂದರೆ, ಬಸ್ಸಿನಲ್ಲಿ ತಾನು ತೊಟ್ಟ ಹಟಕ್ಕೆ ಊರು ಮರ್ಯಾದೆ ಮಾಡುತ್ತಿದೆ ಎಂದುಕೊಂಡ. ಎದೆ ಉಬ್ಬಿಸಿ, ಪ್ರತಿ ಮನೆಯ ಮುಂದೆಯೂ ನಿಂತು ಕೈಮುಗಿದ. ಅವನು ಕೈಮುಗಿದದ್ದು ನೋಡಿ, ಕುದುರೆ ತಂದವನೇ ಇಷ್ಟು ಭಕ್ತಿಯಿಂದ ಇದ್ದಾನಲ್ಲ ಎಂದು ಜನರ ಸಂಶಯವೂ ಹೋಯಿತು. ಕಂದಿ ಒಂದು ಮನೆಯ ಮುಂದೆ ನಿಂತು ಉಚ್ಚೆ ಹೊಯ್ದ ಹೊತ್ತಿಗೆ ಸರಿಯಾಗಿ, ಎರಡು ದಿನದಿಂದ ಹೋಗಿದ್ದ ಕರೆಂಟು ಬಂತು.

ಮೂರನೆಯ ದಿನ ಯರ್ರೆಪ್ಪನ ಕೊಟ್ಟಿಗೆಯ ಮುಂದೆ ತೆಂಗಿನಕಾಯಿ ಒಡೆದ ನೀರು ಹರಿಯುತ್ತಿತ್ತು. ಮೈಲಾರಲಿಂಗನ ಗುಡಿಯ ಪೂಜಾರಿ ಸುಂಕೇಶ ಹಿತ್ತಾಳೆ ಗಂಟೆ ಹಿಡಿದುಕೊಂಡು ಬಂದ. ಅವನು ಊರಿನ ವಾಟ್ಸಾಪ್ ಗುಂಪಿಗೂ ಯಜಮಾನ. ದೇವರ ವಿಷಯ ಅವನಿಗೆ ತಿಳಿದ ಗಳಿಗೆಯಲ್ಲೇ ನಾಲ್ಕು ಮಂಡಲದ ಊರುಗಳಿಗೆ ತಿಳಿಯುತ್ತಿತ್ತು. ಅವನು ಕಂದಿಯ ಕೊರಳಿಗೆ ಗಂಟೆ ಕಟ್ಟಿ, ಇನ್ನು ಮುಂದೆ ಈ ಜೀನಿನ ಮೇಲೆ ನರಮನುಷ್ಯರು ಕೂರುವಂತಿಲ್ಲ ಎಂದು ಸಾರಿದ. ಯರ್ರೆಪ್ಪನಿಗೆ ನಡೆದದ್ದು ಅರ್ಥವಾದದ್ದು ಆಗ. ಅವನು ಬಸ್ಸಿನ ಕಥೆ, ಬೀಗಿತ್ತಿಯ ಕಥೆ, ಡಾಕ್ಟರಮ್ಮನ ಅಪ್ಪಣೆ ಎಲ್ಲ ಹೇಳಿದ. ಜನ ಕೇಳಿದರು. ದೇವರು ಬರಬೇಕಾದರೆ ಹೀಗೆ ಒಂದು ನೆಪ ಬೇಕೇ ಬೇಕು ಎಂದು ತಲೆದೂಗಿದರು.

ಸುದ್ದಿ ಹರಡಿ ಜನ ಸೇರತೊಡಗಿದಾಗ ಠಾಣೆಯಿಂದ ಒಬ್ಬ ಕಾನ್‌ಸ್ಟೇಬಲ್ ಬಂದ. ಅನುಮತಿ ಇಲ್ಲದೆ ಮೆರವಣಿಗೆ ತೆಗೆದದ್ದು ಯಾರು ಎಂದು ಗದರಿಸುವುದು ಅವನ ಉದ್ದೇಶ. ಯರ್ರೆಪ್ಪನಿಗೆ ಹೋದ ಜೀವ ಬಂದಂತಾಗಿ, ಬರೆದುಕೊಳ್ಳಿ ಸಾರ್, ಇದು ದೇವರ ಕುದುರೆಯಲ್ಲವೆಂದು ನಾನೇ ಸಹಿ ಹಾಕುತ್ತೇನೆ ಎಂದ. ಕಾನ್‌ಸ್ಟೇಬಲ್ ಗಂಟೆ ನೋಡಿದ, ಭಂಡಾರ ನೋಡಿದ, ಬೂಟು ಬಿಚ್ಚಿ ಒಳಗೆ ಹೋಗಿ, ತನ್ನ ಊರಿನ ಹತ್ತಿರಕ್ಕೆ ವರ್ಗವಾಗಲೆಂದು ಕಂದಿಯ ಕಿವಿಯಲ್ಲಿ ಹೇಳಿ ಬಂದ. ಹೋಗುವಾಗ, ಇಂಥ ವಿಷಯದಲ್ಲಿ ಸಹಿ ಗಿಹಿ ಹಾಕಬೇಡ, ಒಳ್ಳೆಯದಲ್ಲ ಎಂದು ಯರ್ರೆಪ್ಪನಿಗೆ ಬುದ್ಧಿ ಹೇಳಿದ.

ಈಗ ಜೀನಿನ ಜಗಳ ಬೇರೆಯದೇ ಎತ್ತರಕ್ಕೆ ಏರಿತು. ದೇವರಿಗೆ ಯಾವ ಜೀನು ಹಿತ? ತಾನು ಹೊಲಿದ ಗಾದಿಯ ಮೇಲೆಯೇ ಬಂದು ಕುಳಿತನಲ್ಲ, ಇನ್ನೇನು ಕೇಳುವುದು ಎಂದು ಮೌಲಾಲಿ. ಗುಡಿಯೊಳಗಿನ ಕುದುರೆಯೇ ಮರದ್ದು, ದೇವರಿಗೆ ಕಟ್ಟಿಗೆ ಅಭ್ಯಾಸ ಎಂದು ಓಬಳೇಶ. ಕೆಳಗೆ ಎಂಬತ್ತು ಕೆಜಿಯ ಸವಾರ ಹಗ್ಗ ಹಿಡಿದು ನಿಂತಿರುವಾಗ, ತೂಕವೇ ಇಲ್ಲದ ಸವಾರನ ಸುಖದ ಬಗ್ಗೆ ಊರು ಎರಡು ದಿನ ಚರ್ಚಿಸಿತು. ಮೂರನೆಯ ದಿನ ಯರ್ರೆಪ್ಪ ಬಾಯಿ ತೆರೆದ. ಸವಾರನ ಮಾತು ಬಿಡಿ, ದೇವರ ವಾಹನದ ಬೆನ್ನಿಗೆ ಗಾಯವಾದರೆ ಆ ಪಾಪ ಯಾರಿಗೆ ಎಂದು ಕೇಳಿದ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವನು ದೇವರ ಹೆಸರಿನಲ್ಲಿ ಒಪ್ಪಿಸಿದ.

ಯರ್ರೆಪ್ಪ ಕೇಳಿದಾಗ ಕುದುರೆಯ ಅಳತೆ ತೆಗೆಯಲು ಒಪ್ಪದ ಓಬಳೇಶ, ದೇವರ ಕುದುರೆಯೆಂದಾಗ ಸ್ನಾನ ಮಾಡಿಕೊಂಡು ಬಂದ. ಕಂದಿಯ ಬೆನ್ನಿಗೆ ತೆಳ್ಳನೆಯ ಬಟ್ಟೆ ಹಾಸಿ, ಮೇಲೆ ಹಸಿಮಣ್ಣು ಮೆತ್ತಿ, ಅಚ್ಚು ತೆಗೆದು, ಅದರ ಪ್ರಕಾರ ಜೀನಿನ ಕೆಳಭಾಗವನ್ನು ಎಂಟು ದಿನ ಕೆತ್ತಿದ. ಮೇಲ್ಭಾಗವನ್ನು ಮುಟ್ಟಲು ಪುರಸೊತ್ತಾಗಲಿಲ್ಲ. ಅದು ಯರ್ರೆಪ್ಪನ ಅಚ್ಚಿನಲ್ಲೇ ಉಳಿಯಿತು. ಮೌಲಾಲಿ ಬೆನ್ನುಮೂಳೆಗೆ ನಡುವೆ ಜಾಗ ಬಿಟ್ಟು ಎರಡು ಹತ್ತಿಯ ದಿಂಬು ಹೊಲಿದು ಕೆಳಗೆ ಕೂರಿಸಿದ. ಬಾಗುವ ಜೀನನ್ನು ಲಿಂಗಕ್ಕ ಅಂಗಳದ ಕಲ್ಲಿನ ಮೇಲೆ ಹಾಕಿಕೊಂಡಳು; ಜೋಳ ಕೇರುವಾಗ ಆಕೆಯ ತೂಕಕ್ಕೆ ಅದು ಬಹಳ ಚೆನ್ನಾಗಿ ಬಾಗುತ್ತಿತ್ತು. ಇನ್ನು ಭಾರ ಹಾಕಿ ಪರೀಕ್ಷೆ ಮಾಡಬೇಕು, ಮನುಷ್ಯರು ಕೂರುವಂತಿಲ್ಲ. ದೇವರ ತೂಕ ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಕಡಿಮೆಯೆಂದರೂ ನನ್ನಷ್ಟಾದರೂ ಇರಬೇಡವೇ ಎಂದು ಯರ್ರೆಪ್ಪ ವಿನಯದಿಂದ ಕೇಳಿದ. ಒಪ್ಪದಿದ್ದರೆ ದೇವರಿಗೆ ಅವಮಾನ. ಎರಡು ಚೀಲದಲ್ಲಿ ಎಂಬತ್ತು ಕೆಜಿ ಜೋಳ ಏರಿಸಿ ಪೆದ್ದಕಡುಬೂರಿಗೆ ಹೋಗಿ ಬಂದರು. ಜೀನು ತೆಗೆದಾಗ ಊರೇ ಕಂದಿಯ ಬೆನ್ನಿನ ಮೇಲೆ ಬಗ್ಗಿತು. ಎಲ್ಲಿಯೂ ಒಣ ಮಚ್ಚೆಯಿರಲಿಲ್ಲ. ಡಾಕ್ಟರಮ್ಮ ಬಂದು ಮುಟ್ಟಿ ನೋಡಿ, ದಾರಿಯ ನಡುವೆ ಇಳಿದು ಒಂದಷ್ಟು ದೂರ ನಡೆಯುವುದಾದರೆ ಎಮ್ಮಿಗನೂರಿಗೆ ಹೋಗಬಹುದು ಎಂದು ಯರ್ರೆಪ್ಪನ ಕಿವಿಯಲ್ಲಿ ಹೇಳಿದರು.

ತೊಟ್ಟಿಲ ಕಾರ್ಯದ ಬೆಳಿಗ್ಗೆ ಸುಂಕೇಶನ ಏರ್ಪಾಟು ಸಿದ್ಧವಾಗಿತ್ತು. ದೇವರ ಕುದುರೆ ಖಾಲಿ ಜೀನಿನಲ್ಲಿ ಎಮ್ಮಿಗನೂರಿಗೆ ದಯಮಾಡಿಸುವುದು. ಯರ್ರೆಪ್ಪ ಬರಿಗಾಲಿನಲ್ಲಿ ಹಗ್ಗ ಹಿಡಿದು ನಡೆಯುವುದು. ಆಗದಿದ್ದರೆ ಹಗ್ಗ ಬೇರೆಯವರು ಹಿಡಿಯುತ್ತಾರೆ, ಅವನು ಬಸ್ಸಿಗೆ ಬರಬಹುದು. ದೇವರ ಕುದುರೆಯವನೆಂದು ಕಂಡಕ್ಟರೇ ಸೀಟು ಬಿಡಿಸಿ ಕೊಡುತ್ತಾನಂತೆ. ಬಿಡಿಸಿ ಕೊಟ್ಟ ಸೀಟು ಎಂಬ ಮಾತು ಕೇಳಿ ಯರ್ರೆಪ್ಪನ ಮೈ ಉರಿಯಿತು. ಅವನು ಕಂದಿಯನ್ನು ಕಟ್ಟೆಯ ಪಕ್ಕಕ್ಕೆ ತಂದ, ಹೊಟ್ಟೆಪಟ್ಟಿ ಬಿಗಿದ, ರಿಕಾಪಿನಲ್ಲಿ ಕಾಲಿಟ್ಟ, ಎಲ್ಲರ ಕಣ್ಣ ಮುಂದೆ ಹತ್ತಿ ಕುಳಿತ.

ಅಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಸುಂಕೇಶನ ಕೈಯಲ್ಲಿ ಆರತಿ ತಟ್ಟೆ ಓರೆಯಾಯಿತು. ಇಳಿ ಎಂದ ಅವನು. ಊರಿಗೆ ಕೇಡಾಗುತ್ತದೆ, ಇಳಿ ಎಂದರು ಹಿರಿಯರು. ಯರ್ರೆಪ್ಪ ಲಗಾಮು ಹಿಡಿದುಕೊಂಡು ಎಲ್ಲರನ್ನೂ ನೋಡಿದ.

"ಸುಂಕೇಶ, ಇದು ನನ್ನ ಕುದ್ರಿ. ನಮ್ಮ ಮರಿ ಹೊತ್ತು ಹೊತ್ತು ಬೆನ್ನು ಹುಣ್ಣು ಮಾಡ್ಕೊಂಡಾಕಿ. ಮೈಲಾರಲಿಂಗ ಬಂದು ಇಳಿ ಅನ್ಲಿ, ಕೈ ಮುಗುದು ಇಳೀತೀನಿ. ನಿಮ್ಮಾಗ ಯಾರು ಅಂದ್ರೂ ಇಳ್ಯಂಗಿಲ್ಲ."

ಹಾಗಾದರೆ ನೋಡೇ ಬಿಡೋಣ ಎಂದು ಜನ ಕಾದರು. ಆಕಾಶ ನೋಡಿದರು, ಗುಡಿಯ ಕಡೆ ನೋಡಿದರು, ಕಂದಿಯ ಕಿವಿ ನೋಡಿದರು. ಐದು ನಿಮಿಷವಾಯಿತು. ದೇವರು ಏನೂ ಅನ್ನಲಿಲ್ಲ. ಕಂದಿ ಬಾಲ ಬೀಸಿ ಒಂದು ನೊಣ ಓಡಿಸಿತು. ಕೊನೆಗೆ ಲಿಂಗಕ್ಕ ಬುಟ್ಟಿ ಎತ್ತಿ ಕಂಕುಳಲ್ಲಿಟ್ಟುಕೊಂಡು, "ಹೊತ್ತಾತು, ಹೋಗ್ರಿ. ನಾ ಬಸ್ಸಿಗೆ ಬರ್ತೀನಿ" ಎಂದಳು.

ಕಂದಿ ಹೊರಟಿತು. ಸುಂಕೇಶ ಸೋಲುವವನಲ್ಲ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವನಿಗೆ ಹೊಳೆದುಬಿಟ್ಟಿತು: ದೇವರು ದೊಡ್ಡವನು, ಸ್ವಲ್ಪ ಹಿಂದಕ್ಕೆ ಸರಿದು ಯರ್ರೆಪ್ಪನಿಗೆ ಜಾಗ ಬಿಟ್ಟಿದ್ದಾನೆ. ವಾಟ್ಸಾಪ್ ಗುಂಪಿನಲ್ಲಿ ಅದನ್ನೇ ಹಾಕಿದ. ಆದ್ದರಿಂದ ದಾರಿಯುದ್ದಕ್ಕೂ ಜನ ಕಂದಿಯ ಹಿಂಭಾಗಕ್ಕೆ ಮಾತ್ರ ಭಂಡಾರ ಎರಚಿದರು, ಯರ್ರೆಪ್ಪನ ಬೆನ್ನ ಹಿಂದಿನ ಗಾಳಿಗೆ ಕೈಮುಗಿದರು. ಅವನನ್ನು ಯಾರೂ ನೋಡಲಿಲ್ಲ. ಯರ್ರೆಪ್ಪ ಅದಕ್ಕೆ ಬೇಸರಪಡಲಿಲ್ಲ. ಅವನಿಗೆ ಬೇಕಾದದ್ದು ಕೂರುವುದು, ಕೂತಿದ್ದ. ಅರ್ಧ ದಾರಿಯಲ್ಲಿ, ನೋಡುವವರು ಯಾರೂ ಇಲ್ಲದ ಕಡೆ, ಡಾಕ್ಟರಮ್ಮನ ಮಾತಿನಂತೆ ಇಳಿದು ಕಂದಿಯ ಪಕ್ಕದಲ್ಲಿ ಎರಡು ಕಿಲೋಮೀಟರು ನಡೆದ. ಮತ್ತೆ ಒಂದು ಮೈಲಿಗಲ್ಲಿನ ಮೇಲೆ ನಿಂತು ಹತ್ತುವಾಗಲೇ ತೊಡೆಗಳು ಹೇಳಿದ ಮಾತು ಕೇಳುತ್ತಿಲ್ಲವೆಂದು ಅವನಿಗೆ ಅನ್ನಿಸಿತ್ತು.

ಎಮ್ಮಿಗನೂರಿನ ಸೀರೆ ಅಂಗಡಿಯ ಮುಂದೆ ಕಂದಿ ನಿಂತಾಗ ಬೀದಿ ತುಂಬಿತ್ತು. ರಾಮಲಕ್ಷ್ಮಮ್ಮ ಕಾಲಿಗೆ ಹಾಕುವ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬೀಗರು ನಿಜವಾಗಿಯೂ ಕೂತುಕೊಂಡು ಬಂದದ್ದು ನೋಡಿ ಆಕೆ ಬಾಗಿಲು ದಾಟಿ ಎರಡು ಹೆಜ್ಜೆ ಮುಂದೆ ಬಂದರು. ಯರ್ರೆಪ್ಪ ಗೆಲುವಿನಿಂದ ಇಳಿಯಲು ಹೊರಟ. ಬಲಗಾಲು ಏಳಲಿಲ್ಲ. ಎಡಗಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ನಡುವಿನಿಂದ ಕೆಳಗೆ ಅವನೂ ಓಬಳೇಶನ ಜಾಲಿಕಟ್ಟಿಗೆಯೂ ಒಂದೇ ಆಗಿದ್ದರು. ಇಳೀರಿ ಬೀಗರೇ, ಒಳಗೆ ಕುರ್ಚಿ ಹಾಕಿದೆ ಎಂದು ರಾಮಲಕ್ಷ್ಮಮ್ಮ ಎರಡು ಸಲ ಕರೆದರು. ಯರ್ರೆಪ್ಪ ಮೀಸೆಯ ಮೇಲೆ ಕೈಯಿಟ್ಟ.

"ಇಳ್ಯಂಗಿಲ್ಲ ಬೀಗ್ತಿ. ಕೂಸನ್ನ ಇಲ್ಲೇ ತರ್ರಿ."

ಎರಡು ತಾಸು ಮೊದಲೇ ಬಸ್ಸಿನಲ್ಲಿ ಬಂದಿದ್ದ ಲಿಂಗಕ್ಕ ಗಂಡನ ತೊಡೆ ನಡುಗುತ್ತಿದ್ದುದನ್ನು ಒಂದೇ ನೋಟಕ್ಕೆ ಕಂಡಳು. ಬಂದು ಕಂದಿಯ ಮಗ್ಗುಲಿಗೆ ಒತ್ತಿ ನಿಂತು, ಅವನ ಮೊಣಕಾಲಿಗೆ ತನ್ನ ಸೆರಗು ಮರೆ ಮಾಡಿದಳು. ಅವರು ಹೇಳಿದ ಮೇಲೆ ಹೇಳಿದ್ದೇ, ಈ ವಿಷಯದಲ್ಲಿ ನಾನೂ ಏನೂ ಮಾಡಲಾರೆ ಎಂದು ಬೀಗಿತ್ತಿಗೆ ಗಂಭೀರವಾಗಿ ತಿಳಿಸಿದಳು. ಆಮೇಲೆ ನಾಲ್ವರು ಸೇರಿ ಅವನನ್ನು ಅಂಗಡಿಯ ಏಣಿಯ ಮೇಲೆ ಇಳಿಸಿಕೊಂಡದ್ದು, ಕುರ್ಚಿಯ ಆಸೆ ಬಿಟ್ಟು ಅವನು ಮೂರು ದಿನ ನಿಂತೇ ಉಂಡದ್ದು, ಅವೆಲ್ಲ ನಿಜ. ಆದರೆ ಆ ಹೊತ್ತಿನಲ್ಲಿ ಎಮ್ಮಿಗನೂರಿನ ಆ ಬೀದಿಯಲ್ಲಿ ಅವನನ್ನು ಇಳಿಸುವ ಶಕ್ತಿ ಯಾರಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ.

ತೊಟ್ಟಿಲನ್ನೇ ಬಾಗಿಲಿಗೆ ತಂದರು. ಸೋದರತ್ತೆ ಹೆಸರು ಕೂಗುವ ಮೊದಲು ಅಜ್ಜ ಒಮ್ಮೆ ಕಿವಿಯಲ್ಲಿ ಹೇಳಲಿ ಎಂದು ನಾಗಜ್ಯೋತಿ ಕೂಸನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು. ಯರ್ರೆಪ್ಪ ಜೀನಿನ ಮೇಲಿಂದ ಬಗ್ಗಿ, ಆ ಕಡಲೆಯಷ್ಟು ಕಿವಿಗೆ ಬಾಯಿ ತಂದು, ಲಾವಣ್ಯ ಎಂದು ಮೂರು ಸಲ ಹೇಳಿದ. ಅಲ್ಲಿಗೆ ಶಾಸ್ತ್ರ ಮುಗಿದಿತ್ತು. ಆದರೂ ಅವನು ಬಗ್ಗಿದವನು ಬಗ್ಗಿಯೇ ಇದ್ದ, ಇನ್ನೊಂದು ಮಾತು ಹೇಳಿದ. ಅದು ಕೂಸಿಗೆ, ಕೂಸನ್ನು ಹಿಡಿದಿದ್ದ ನಾಗಜ್ಯೋತಿಗೆ, ಪಕ್ಕದಲ್ಲಿ ಚೊಂಬು ಹಿಡಿದು ನಿಂತಿದ್ದ ರಾಮಲಕ್ಷ್ಮಮ್ಮನಿಗೆ ಮಾತ್ರ ಕೇಳಿಸಿತು.

"ನಿನ್ನ ಜಾಗಾದಿಂದ ಯಾರು ಏಳು ಅಂದ್ರೂ ಏಳಬ್ಯಾಡವ್ವ."

ನಾಗಜ್ಯೋತಿ ಅತ್ತೆಯ ಮುಖ ನೋಡಿದಳು. ರಾಮಲಕ್ಷ್ಮಮ್ಮ ಚೊಂಬಿನ ನೀರನ್ನು ಕಂದಿಯ ಕಾಲಿಗೆ ಹಾಕಿ, ಬೀಗರ ಕಾಲಿಗೆಂದು ಇನ್ನೊಂದು ಚೊಂಬು ತರಲು ಒಳಗೆ ಹೋದರು.